ಕೆಡದ ಮೋಟಾರಿಗೆ ತೆತ್ತ ಏಳು ಸಾವಿರ

ಜುಲೈ ತಿಂಗಳಲ್ಲಿ ಅಮ್ಮನನ್ನು ಕರೆದುಕೊಂಡು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಟಿದ್ದೆ. ಗಾಜನೂರು ದಾಟಿದ ಮೇಲೆ ಮಳೆ ಹೊಳವಾಯಿತೆಂದು ಅಮ್ಮ ತಮ್ಮ ಕಡೆಯ ಗಾಜನ್ನು ಅರ್ಧ ಇಳಿಸಿದರು. ಮಂಡಗದ್ದೆಯ ಹತ್ತಿರ ಮಳೆ ಮತ್ತೆ ಹಿಡಿದಾಗ ಆ ಗಾಜು ಮೇಲೇರಲಿಲ್ಲ. ಅವರ ಬಾಗಿಲಿನ ಸ್ವಿಚ್ಚನ್ನು ಒತ್ತಿದರೂ ಇಲ್ಲ, ನನ್ನ ಬಾಗಿಲಿನ ಸ್ವಿಚ್ಚನ್ನು ಒತ್ತಿದರೂ ಇಲ್ಲ. ಮಂಡಿನೋವಿನಿಂದಾಗಿ ಹಿಂದಿನ ಸೀಟಿನಲ್ಲಿ ಕೂರಲಾಗದ ಎಪ್ಪತ್ತೆರಡು ವರ್ಷದ ಅಮ್ಮ, ಕಿಟಕಿಗೆ ಕೊಡೆಯನ್ನು ಅಡ್ಡ ಹಿಡಿದುಕೊಂಡು ತೀರ್ಥಹಳ್ಳಿಯವರೆಗೂ ನೆನೆಯುತ್ತ ಬಂದರು.

ಯಂತ್ರವೆಂದ ಮೇಲೆ ಕೆಡುತ್ತದೆ, ಕಾರಿಗೂ ಎಂಟು ವರ್ಷವಾಗಿದೆ. ಅದರ ಬಗ್ಗೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಮರುದಿನ ಸರ್ವಿಸ್ ಸೆಂಟರಿನಲ್ಲಿ ನಡೆದುದರ ಬಗ್ಗೆ. ಅಲ್ಲಿನ ಅಡ್ವೈಸರ್ ಒಂದೇ ಒಂದು ಸಲ ಸ್ವಿಚ್ಚನ್ನು ಮೇಲಕ್ಕೆತ್ತಿ ನೋಡಿ, "ಮೋಟಾರು ಹೋಗಿದೆ ಸರ್, ರೆಗ್ಯುಲೇಟರ್ ಸಮೇತ ಪೂರ್ತಿ ಅಸೆಂಬ್ಲಿ ಹಾಕಬೇಕು" ಎಂದು ಜಾಬ್ ಕಾರ್ಡಿನಲ್ಲಿ ಬರೆದೇಬಿಟ್ಟರು. ರೆಗ್ಯುಲೇಟರ್ ಎಂದರೆ ಮೋಟಾರು ತಿರುಗಿದಾಗ ಗಾಜನ್ನು ಏರಿಸಿ ಇಳಿಸುವ ಸಲಕರಣೆ. ಅಮ್ಮನ ಕಡೆಯ ಸ್ವಿಚ್ಚನ್ನು ಒತ್ತಿದರೆ ಗಾಜು ಈಗಲೂ ಸರಾಗವಾಗಿ ಕೆಳಗಿಳಿಯುತ್ತದೆ, ನನ್ನ ಕಡೆಯ ಸ್ವಿಚ್ಚಿನಿಂದ ಅದೂ ಆಗುವುದಿಲ್ಲ, ಮೇಲೆತ್ತಲು ಹೋದರೆ ಮೋಟಾರಿನಿಂದ ಗುಂಯ್ ಎನ್ನುವ ಸದ್ದೂ ಬರುವುದಿಲ್ಲ ಎಂದು ನಾನು ಬಿಡಿಸಿ ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಬರೆದುದನ್ನು ತಿದ್ದಲಿಲ್ಲ.

ಗಾಜನ್ನು ಇಳಿಸುವುದೂ ಏರಿಸುವುದೂ ಒಂದೇ ಮೋಟಾರು. ಅದಕ್ಕೆ ಹೋಗುವ ಎರಡು ತಂತಿಗಳಲ್ಲಿ 12 ವೋಲ್ಟಿನ ವಿದ್ಯುತ್ ಒಂದು ದಿಕ್ಕಿನಲ್ಲಿ ಹರಿದರೆ ಗಾಜು ಇಳಿಯುತ್ತದೆ, ದಿಕ್ಕು ತಿರುಗಿಸಿದರೆ ಏರುತ್ತದೆ; ಸ್ವಿಚ್ಚು ಮಾಡುವ ಕೆಲಸವೇ ಅದು. ಮೋಟಾರಿನ ಬಲ ಕುಂದಿದ್ದರೆ ಅಥವಾ ಗಾಜು ಜಾರುವ ರಬ್ಬರ್ ಚಾನೆಲ್ ಬಿಗಿದುಕೊಂಡಿದ್ದರೆ ಏರುವಾಗ ತಿಣುಕುವ ಸದ್ದಾದರೂ ಕೇಳಬೇಕು, ರೆಗ್ಯುಲೇಟರಿನ ಕೇಬಲ್ ತುಂಡಾಗಿದ್ದರೆ ಮೋಟಾರು ತಿರುಗಿದರೂ ಗಾಜು ಅಲುಗಬಾರದು. ಒಂದು ದಿಕ್ಕಿಗೆ ಚೆನ್ನಾಗಿ ಓಡಿ, ಇನ್ನೊಂದು ದಿಕ್ಕಿಗೆ ಸದ್ದೇ ಇಲ್ಲದೆ ನಿಂತರೆ ಮೊದಲು ಅನುಮಾನಿಸಬೇಕಾದುದು ಸ್ವಿಚ್ಚನ್ನು ಮತ್ತು ವೈರಿಂಗನ್ನು. ಮೋಟಾರಿನ ಕನೆಕ್ಟರಿಗೆ, ವಿದ್ಯುತ್ ಬರುತ್ತಿದೆಯೇ ಎಂದು ತೋರಿಸುವ ಟೆಸ್ಟ್ ಲ್ಯಾಂಪ್ ಹಿಡಿದು ಸ್ವಿಚ್ಚು ಒತ್ತಿದ್ದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತಿತ್ತು. ಆ ಎರಡು ನಿಮಿಷವನ್ನು ಅವರು ನನ್ನ ಕಾರಿಗೆ ಕೊಡಲಿಲ್ಲ. ಸಂಜೆ 7,460 ರೂಪಾಯಿಯ ಬಿಲ್ಲನ್ನು ಮಾತ್ರ ಕೊಟ್ಟರು.

ಅಂದು ಗಾಜು ಏರಿತು, ನಾನೂ ಹಣ ತೆತ್ತು ಬಂದೆ. ನಾಲ್ಕನೆಯ ದಿನ ಮತ್ತೆ ಅದೇ ಕಥೆ. ಮರಳಿ ಹೋದಾಗ, "ಹಾಗಾದರೆ ಸ್ವಿಚ್ಚೂ ಹೋಗಿರಬೇಕು, ಅದನ್ನೂ ಹಾಕಿ ನೋಡೋಣ" ಎಂಬ ಮಾತು ಬಂತು. ಹಾಕಿ ನೋಡುವುದು ಯಾರ ದುಡ್ಡಿನಲ್ಲಿ? ಊಹೆ ತಪ್ಪಾದರೆ ಹಾಕಿದ ಭಾಗವನ್ನು ವಾಪಸು ತೆಗೆದುಕೊಳ್ಳುತ್ತೀರಾ ಎಂದು ಕೇಳಿದರೆ, ಎಲೆಕ್ಟ್ರಿಕಲ್ ಪಾರ್ಟುಗಳನ್ನು ಒಮ್ಮೆ ಜೋಡಿಸಿದ ಮೇಲೆ ಹಿಂದಕ್ಕೆ ಪಡೆಯುವುದಿಲ್ಲ ಎಂದರು. ನನ್ನ ಹಳೆಯ ಮೋಟಾರನ್ನಾದರೂ ಕೊಡಿ ಎಂದೆ. ಗುಜರಿಗೆ ಹೋಯಿತಂತೆ.

ಕೊನೆಗೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡುವ ಹಿರಿಯರೊಬ್ಬರ ಬಳಿಗೆ ಹೋದೆ. ನಾನು ಹೇಳಿದುದನ್ನು ಅವರು ಪೂರ್ತಿ ಕೇಳಿಸಿಕೊಂಡರು. ಅಮ್ಮನ ಕಡೆಯ ಬಾಗಿಲನ್ನು ಮುಟ್ಟುವ ಬದಲು ನನ್ನ ಬಾಗಿಲನ್ನು ತೆರೆದು, ಸ್ವಿಚ್ಚನ್ನು ನನ್ನ ಕೈಯಿಂದ ಒತ್ತಿಸಿ, ತಾವು ಬಾಗಿಲನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿದರು. ಒಂದು ಕೋನದಲ್ಲಿ ಆಚೆ ಬದಿಯ ಗಾಜು ತಟ್ಟನೆ ಏರಿತು! ಕಾರಿನ ಮೈಯಿಂದ ಬಾಗಿಲಿಗೆ ತಂತಿಗಳನ್ನು ಒಯ್ಯುವ ರಬ್ಬರ್ ಕೊಳವೆಯನ್ನು ಸರಿಸಿ ನೋಡಿದಾಗ ಒಂದು ತಂತಿ ಒಳಗೇ ತುಂಡಾಗಿತ್ತು. ಅತಿ ಹೆಚ್ಚು ತೆರೆದು ಮುಚ್ಚುವುದು ಚಾಲಕನ ಬಾಗಿಲನ್ನೇ ಆದುದರಿಂದ ಅಲ್ಲಿನ ತಾಮ್ರದ ಎಳೆಗಳು ಮಡಚಿ ಮಡಚಿ ತುಂಡಾಗುತ್ತವೆ ಎಂದು ಅವರು ವಿವರಿಸಿದರು. ನನ್ನ ಕಾರಿನಲ್ಲಿ ಎಡ ಬಾಗಿಲಿನ ಮೋಟಾರಿನ ಅರ್ತ್, ಅಂದರೆ ವಿದ್ಯುತ್ ಮರಳುವ ದಾರಿ, ಚಾಲಕನ ಕಡೆಯ ಸ್ವಿಚ್ಚಿನ ಮೂಲಕವೇ ಹಾದುಹೋಗುತ್ತದೆ. ಮೇಲೇರಿಸುವಾಗ ಅರ್ತ್ ಆಗಬೇಕಾದ ತಂತಿಯೇ ತುಂಡಾಗಿತ್ತು, ಅಮ್ಮನ ಕಡೆಯ ಸ್ವಿಚ್ಚಿನಿಂದ ಇಳಿಸುವಾಗ ಬೇಕಾದದ್ದು ಸರಿಯಾಗಿತ್ತು. ತುಂಡಾದ ತುದಿಗಳು ಆಕಸ್ಮಿಕವಾಗಿ ತಾಗಿಕೊಂಡಿದ್ದರಿಂದಲೇ ಹೊಸ ಮೋಟಾರು ಮೂರು ದಿನ ಓಡಿತ್ತು. ಅವರು ಹೊಸ ತಂತಿಯ ತುಂಡೊಂದನ್ನು ಬೆಸೆದು, ಇನ್ಸುಲೇಷನ್ ಹಾಕಿ, ಮುನ್ನೂರೈವತ್ತು ರೂಪಾಯಿ ಪಡೆದರು.

ಇಷ್ಟಕ್ಕೇ ಮುಗಿದಿದ್ದರೆ ಹಣ ಹೋಯಿತೆಂದು ಸುಮ್ಮನಾಗುತ್ತಿದ್ದೆನೋ ಏನೋ. ಮುಂದಿನ ದೊಡ್ಡ ಮಳೆಗೆ ಅಮ್ಮನ ಕಾಲಬುಡದ ಮ್ಯಾಟಿನ ಅಡಿಯಲ್ಲಿ ನೀರು ನಿಂತಿತು. ಗಾಜಿನ ಮೇಲಿಂದ ಬಾಗಿಲೊಳಗೆ ಇಳಿಯುವ ಮಳೆನೀರು ತಳದ ರಂಧ್ರಗಳಿಂದ ಹೊರಹೋಗುವಂತೆ ಒಳಗಡೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿರುತ್ತಾರೆ. ಬೇಡದ ಮೋಟಾರನ್ನು ಹಾಕುವ ಆತುರದಲ್ಲಿ ಅದನ್ನು ಹರಿದು, ಮತ್ತೆ ಅಂಟಿಸದೆ ಪ್ಯಾನೆಲ್ ಮುಚ್ಚಿದ್ದಾರೆ. ಪ್ಯಾನೆಲ್ಲಿನ ಎರಡು ಕ್ಲಿಪ್ಪುಗಳೂ ಮುರಿದಿವೆ, ರಸ್ತೆಯ ಪ್ರತಿ ಗುಂಡಿಗೂ ಬಾಗಿಲು ಗಡಗಡಿಸುತ್ತದೆ. ಸರಿಯಿದ್ದ ಬಾಗಿಲನ್ನು ಕೆಡಿಸಿ ಅದಕ್ಕೆ ನನ್ನಿಂದಲೇ ಕೂಲಿ ಪಡೆದಿದ್ದಾರಲ್ಲ, ಇದನ್ನು ನಾನು ಹೇಗೆ ಸಹಿಸಲಿ?

ಪರೀಕ್ಷಿಸದೆ ಭಾಗ ಬದಲಿಸಿದ್ದಕ್ಕೆ, ಕೇಳದೆ ಹಳೆಯ ಮೋಟಾರನ್ನು ಗುಜರಿಗೆ ಹಾಕಿದ್ದಕ್ಕೆ ಲಿಖಿತ ಉತ್ತರ ಕೊಡಿ, ಹಣ ಮರಳಿಸಿ, ಬಾಗಿಲನ್ನು ಮೊದಲಿದ್ದಂತೆ ಮಾಡಿಕೊಡಿ ಎಂದು ಬಿಲ್ಲಿನ ಪ್ರತಿ, ಜಾಬ್ ಕಾರ್ಡು ಮತ್ತು ತುಂಡಾದ ತಂತಿಯ ಚಿತ್ರದ ಸಮೇತ ಅವರಿಗೆ ಪತ್ರ ಬರೆದಿದ್ದೇನೆ. ಹದಿನೈದು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು, ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಅಮ್ಮ ಈಗ ಎಷ್ಟೇ ಸೆಕೆಯಾದರೂ ಆ ಸ್ವಿಚ್ಚನ್ನು ಮುಟ್ಟುತ್ತಿಲ್ಲ.