ವಯಟ್ ಅರ್ಪ್ ಮತ್ತು 12 ಇಂಚು ನಳಿಗೆಯ ರಿವಾಲ್ವರ್: ಸತ್ಯಾಂಶವೇನು?

ಅಮೆರಿಕದ ಪಶ್ಚಿಮ ಗಡಿನಾಡಿನ ಹೆಸರಾಂತ ಕಾನೂನು ಪಾಲಕ ವಯಟ್ ಅರ್ಪ್ 12 ಇಂಚು ನಳಿಗೆಯ ಕೋಲ್ಟ್ ರಿವಾಲ್ವರ್ ಧರಿಸುತ್ತಿದ್ದರು, ಅದನ್ನು ನೆಡ್ ಬಂಟ್‌ಲೈನ್ ಎಂಬ ಜನಪ್ರಿಯ ಲೇಖಕರು ಡಾಜ್ ಸಿಟಿಯ ಐವರು ಅಧಿಕಾರಿಗಳಿಗೆಂದೇ ಮಾಡಿಸಿ ಉಡುಗೊರೆಯಾಗಿ ಕೊಟ್ಟಿದ್ದರು ಎಂಬ ಸಂದೇಶವೊಂದು ಹರಿದಾಡುತ್ತಿದೆ. ಇದಕ್ಕೆ ಆ ಕಾಲದ ಯಾವ ದಾಖಲೆಯ ಆಧಾರವೂ ಇಲ್ಲ.

ಈ ಕಥೆಯನ್ನು ಪ್ರಚಾರಕ್ಕೆ ತಂದದ್ದು ಸ್ಟುವರ್ಟ್ ಲೇಕ್ 1931ರಲ್ಲಿ ಪ್ರಕಟಿಸಿದ ಅರ್ಪ್ ಜೀವನಚರಿತ್ರೆ. ಆ ವೇಳೆಗೆ ಅರ್ಪ್ ತೀರಿಕೊಂಡು ಎರಡು ವರ್ಷಗಳಾಗಿದ್ದವು. ಬಂಟ್‌ಲೈನ್ 1886ರಲ್ಲೇ ನಿಧನರಾಗಿದ್ದರು. ಕೋಲ್ಟ್ ಕಂಪನಿಯ ಕಡತಗಳಲ್ಲಿ ಅಂತಹ ಬೇಡಿಕೆಯೊಂದು ಸಿಕ್ಕಿಲ್ಲ. ಹಾಗೆಂದು ಉದ್ದ ನಳಿಗೆಯ ಕೋಲ್ಟ್ ಇರಲೇ ಇಲ್ಲ ಎನ್ನುವುದೂ ಸರಿಯಲ್ಲ: 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಕಂಪನಿಯು 16 ಇಂಚು ನಳಿಗೆಯ ರಿವಾಲ್ವರುಗಳನ್ನು ಪ್ರದರ್ಶಿಸಿತ್ತು. ಆದರೆ ಅವು ಅಪರೂಪದ ವಸ್ತುಗಳು. ಸಾಮಾನ್ಯವಾಗಿ ಮಾರಾಟವಾಗುತ್ತಿದ್ದ ನಳಿಗೆಗಳ ಉದ್ದ ನಾಲ್ಕೂಮುಕ್ಕಾಲು, ಐದೂವರೆ ಅಥವಾ ಏಳೂವರೆ ಇಂಚು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ಅರ್ಪ್ ಅವರದೇ ಮಾತು. 1881ರ ಅಕ್ಟೋಬರ್ 26ರಂದು ಅರಿಜೋನದ ಟೂಂಬ್‌ಸ್ಟೋನ್‌ನಲ್ಲಿ ನಡೆದ ಗುಂಡಿನ ಕಾಳಗದ ಬಳಿಕ, ವಿಚಾರಣೆಯ ವೇಳೆ ನೀಡಿದ ಹೇಳಿಕೆಯಲ್ಲಿ ಅವರು ತಮ್ಮ ಪಿಸ್ತೂಲು ಮೇಲಂಗಿಯ ಜೇಬಿನಲ್ಲಿತ್ತೆಂದು ತಿಳಿಸಿದ್ದಾರೆ. ಹಿಡಿಯನ್ನೂ ಸೇರಿಸಿದರೆ ಒಂದೂವರೆ ಅಡಿಗೆ ಸಮೀಪಿಸುವ ಆಯುಧವನ್ನು ಜೇಬಿನಲ್ಲಿಟ್ಟುಕೊಂಡು, ಅಪಾಯದ ಕ್ಷಣದಲ್ಲಿ ಥಟ್ಟನೆ ಹೊರತೆಗೆಯುವುದು ನಂಬಲು ಕಷ್ಟವಾದ ಸಂಗತಿ.

ಅರ್ಪ್ ಕುರಿತ ದೂರದರ್ಶನ ಧಾರಾವಾಹಿಯೊಂದು 1955ರಲ್ಲಿ ಆರಂಭವಾಗಿ ಜನಪ್ರಿಯವಾದ ಮೇಲೆ, 1957ರಲ್ಲಿ ಕೋಲ್ಟ್ ಕಂಪನಿಯೇ ‘ಬಂಟ್‌ಲೈನ್ ಸ್ಪೆಷಲ್’ ಎಂಬ ಹೆಸರಿನಲ್ಲಿ 12 ಇಂಚು ನಳಿಗೆಯ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು.