ಸಿಲ್ಕ್ ಬೋರ್ಡೇ ಇಲ್ಲದ ಬೆಂಗಳೂರು ಲವ್ ಸ್ಟೋರಿ

ಬೆಂಗಳೂರಿಗೆ ಬಂದಾಗೆಲ್ಲ ಒಂದಾದ್ರೂ ನಾಟಕ ನೋಡೋ ಚಟ ನಂಗೆ, ಈ ಸಲ ಸಿಕ್ಕಿದ್ದು ಡೇಟಿಂಗ್ ಮೇಲೆ ಒಂದು ಕನ್ನಡ ಕಾಮಿಡಿ. ಹೆಸರು ಬೇಡ ಬಿಡಿ, ಹುಡುಗ್ರು ಕಷ್ಟಪಟ್ಟು ಮಾಡಿದಾರೆ. ಹಾಲ್ ತುಂಬಿತ್ತು, ನಾನೂ ನಕ್ಕೆ. ಆದ್ರೂ ಇದು ಬೆಂಗಳೂರಲ್ಲೇ ಯಾಕೆ ನಡೀಬೇಕು ಅಂತ ಕೊನೇವರೆಗೂ ಗೊತ್ತಾಗ್ಲಿಲ್ಲ. ಹುಡುಗೀರಂದ್ರೆ ಶಾಪಿಂಗು, ಹುಡುಗ್ರಂದ್ರೆ ಕ್ರಿಕೆಟ್ಟು, "ಏನಾಯ್ತು" ಅಂದ್ರೆ "ಏನಿಲ್ಲ", ಈ ಜೋಕುಗಳನ್ನ ನಮ್ಮ ಮಾವ ದಿನಾ ಬೆಳಿಗ್ಗೆ ವಾಟ್ಸಾಪಲ್ಲಿ ಬಿಟ್ಟಿ ಕಳಿಸ್ತಾರೆ.

ನಾನಿರೋದು ಮುಂಬೈ ಹತ್ರದ ಡೊಂಬಿವ್ಲಿಲಿ. ಅಲ್ಲಿ ಮರಾಠಿ ನಾಟಕಕ್ಕೆ ಭಾನುವಾರ ಮನೆಮಂದಿಯೆಲ್ಲ ಹೋಗ್ತಾರೆ, ಅತ್ತೆ ಸೊಸೆ ಅಕ್ಕಪಕ್ಕ ಕೂತು ಗಂಡ ಹೆಂಡ್ತಿ ಜಗಳದ ಕಾಮಿಡಿ ನೋಡ್ತಾರೆ, ಇಂಟರ್ವಲ್ಲಲ್ಲಿ ಬಟಾಟಾ ವಡಾಗೆ ಕ್ಯೂ. ಹಳಸಿದ ಜೋಕು ಅಲ್ಲೂ ರಾಶಿ ಇದೆ, ಇಲ್ಲ ಅನ್ನಲ್ಲ. ಆದ್ರೆ ಚೆನ್ನಾಗಿರೋ ನಾಟಕದಲ್ಲಿ ಮುಂಬೈ ಇರತ್ತೆ, ಒಂದು ರೂಮು ಕಿಚನ್ನಿನ ಮನೇಲಿ ಅಪ್ಪ ಅಮ್ಮ, ಹೊಸ ಜೋಡಿ, ಪಿಸುಗುಟ್ಟೋಕೂ ಜಾಗ ಇಲ್ಲ, ನಗು ಬರೋದೇ ಆ ಇಕ್ಕಟ್ಟಿಂದ.

ಬೆಂಗಳೂರಿಗೇನು ಕಮ್ಮಿ ಹೇಳಿ? ಹುಡುಗಿ ವೈಟ್‌ಫೀಲ್ಡು, ಹುಡುಗ ಬನಶಂಕರಿ ಅಂದ್ರೆ ಅದು ಲಾಂಗ್ ಡಿಸ್ಟೆನ್ಸೇ. 2004ರಲ್ಲಿ ಶುರುವಾದ ರಂಗಶಂಕರದಲ್ಲಿ ನಾಟಕ ಶುರುವಾದ್ಮೇಲೆ ಯಾರನ್ನೂ ಒಳಗೆ ಬಿಡಲ್ಲ, ಅವಳು ಒಳಗೆ ಸೀಟಲ್ಲಿ, ಇವನು ಇನ್ನೂ ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್ಕಲ್ಲಿ, ಫೋನ್ ಸ್ವಿಚ್ಡ್ ಆಫ್. ಇದೊಂದರಲ್ಲೇ ಅರ್ಧ ಗಂಟೆ ನಾಟಕ ಇದೆ. ಪಿಜಿ ಆಂಟಿ, "ಫ್ಯಾಮಿಲಿಗೆ ಮಾತ್ರ" ಅನ್ನೋ ಓನರ್ರು, ಕಬ್ಬನ್ ಪಾರ್ಕಲ್ಲಿ ಎದುರಿಗೇ ವಾಕಿಂಗ್ ಬರೋ ದೊಡ್ಡಪ್ಪನ ಫ್ರೆಂಡು, ಯಾರೂ ಸ್ಟೇಜಿಗೆ ಬರ್ಲೇ ಇಲ್ಲ.

ಇನ್ನೊಂದು. ಬಂಬಲ್ ಅನ್ನೋ ಡೇಟಿಂಗ್ ಆಪ್ 2014ರಲ್ಲಿ ಬಂದಾಗ ಅದರ ರೂಲೇ ಹುಡುಗಿನೇ ಮೊದ್ಲು ಮೆಸೇಜ್ ಮಾಡ್ಬೇಕು ಅನ್ನೋದು. ನಮ್ಮನೆಗಳಲ್ಲಿ ಹೆಣ್ಣು ನೋಡೋಕೆ ಬಂದ್ರೆ ಅವಳು ಉಪ್ಪಿಟ್ಟು ಕೇಸರಿಭಾತ್ ತಂದಿಟ್ಟು ಕೇಳಿದ್ದಕ್ಕಷ್ಟೇ ಉತ್ತರ ಕೊಡ್ಬೇಕು (ಮರಾಠಿಯವರಲ್ಲಿ ಕಾಂದೇ ಪೋಹೆ ಅಂದ್ರೆ ಈರುಳ್ಳಿ ಅವಲಕ್ಕಿ, ಮಿಕ್ಕಿದ್ದೆಲ್ಲ ಸೇಮ್). ಶನಿವಾರ ಆಪಲ್ಲಿ ತಾನೇ ಮಾತು ಶುರು ಮಾಡಿದ ಹುಡುಗಿ ಭಾನುವಾರ ಪ್ಲೇಟ್ ಹಿಡ್ಕೊಂಡು ನಿಂತಿರ್ತಾಳೆ, ಕೋರಮಂಗಲದಲ್ಲಿ ಬಿಲ್ ಸ್ಪ್ಲಿಟ್ ಮಾಡಿ ಸಮಾನತೆ ಮಾತಾಡೋ ಹುಡುಗ ಅಮ್ಮ ಜಾತಕ ಅಂದ ತಕ್ಷಣ ಉಸಿರೆತ್ತಲ್ಲ. ಇಬ್ರನ್ನೂ ನೋಡಿ ನಗಬಹುದು ತಾನೇ? ಈ ನಾಟಕದಲ್ಲಿ ಹುಡುಗ ಪಾಪದವ್ನು, ಹುಡುಗಿ ತಲೆನೋವು, ಮೊದಲಿಂದ ಕೊನೇವರೆಗೂ ಅಷ್ಟೇ. ನೂರು ವರ್ಷದ ಹಿಂದೆನೇ ನಾಟಕಕಾರ ಕೈಲಾಸಂ ತಮ್ಮ ಸುತ್ತಲಿನ ಮಧ್ಯಮವರ್ಗದ ಮನೆ ಒಳಗೆ ಹೊಕ್ಕು, ಅಲ್ಲಿನ ಅರ್ಧ ಇಂಗ್ಲಿಷ್ ಮಾತಲ್ಲೇ ಅವರ ಜಂಭ ಇಳಿಸಿ ನಗಿಸಿದ್ರು, ದಾರಿ ಹೊಸದೇನಲ್ಲ.

ಒಂದು ಸೀನ್ ಮಾತ್ರ ಸೂಪರ್. ಡೇಟ್ ಮಧ್ಯೆ ಹುಡುಗನ ಅಮ್ಮ ವಿಡಿಯೋ ಕಾಲ್ ಮಾಡಿ "ಅದ್ಯಾರೋ ಹಿಂದೆ? ಇರ್ಲಿ, ಊಟ ಆಯ್ತಾ ಕೇಳು ಅವಳ್ನ" ಅಂತಾರೆ, ಅವಳು ಫೋನ್ ಕಿತ್ಕೊಂಡು "ಇಲ್ಲ ಆಂಟಿ, ಇವ್ರು ಎರಡು ಗಂಟೆ ಲೇಟು" ಅಂತ ದೂರು ಹೇಳ್ತಾಳೆ, ಇವನು ಒಂಟಿ. ಇಂಥವು ಇನ್ನೊಂದೆರಡು ಸೇರಿಸಿ ನಾಟಕಾನ ಮುಂಬೈ ಮಾಟುಂಗಾದಲ್ಲಿರೋ ಕನ್ನಡ ಸಂಘ ಮೈಸೂರು ಅಸೋಸಿಯೇಷನ್ನಿಗೆ ತನ್ನಿ, ಡೊಂಬಿವ್ಲಿಯಿಂದ ಒಂದು ಸಾಲು ಸೀಟು ತುಂಬ್ಸೋ ಜವಾಬ್ದಾರಿ ನಂದು.