ಬಸುರಿಯಾದರೆ ಹೊಡೆತ ನಿಲ್ಲುತ್ತದೆಯೇ? ಸತ್ಯಾಂಶ

ತುಮಕೂರಿನ ನಮ್ಮ ಫ್ಯಾಮಿಲಿ ಗ್ರೂಪಿಗೆ ಮೊನ್ನೆ ಒಂದು ಫಾರ್ವರ್ಡ್ ಬಂತು. 'ಗಂಡ ಕೈ ಎತ್ತುತ್ತಾನಾ? ಬೇಗ ಒಂದು ಮಗು ಮಾಡಿಕೊಳ್ಳಿ, ತಾನಾಗೇ ಸರಿಹೋಗುತ್ತಾನೆ.' ಕೆಳಗೆ ಸಾಲುಸಾಲು ಕೈಮುಗಿದ ಇಮೋಜಿ ಬೇರೆ.

ಇದು ಸುಳ್ಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಮದುವೆಯಾದ, 18ರಿಂದ 49 ವರ್ಷದ ಹೆಂಗಸರಲ್ಲಿ ಶೇ. 3.1ರಷ್ಟು ಜನ ಬಸುರಿಯಾಗಿದ್ದಾಗಲೇ ಏಟು ತಿಂದಿದ್ದಾಗಿ ಹೇಳಿದ್ದಾರೆ. ಬಾಯಿಬಿಟ್ಟು ಹೇಳಿದವರ ಲೆಕ್ಕ ಮಾತ್ರ ಇದು.

ಮೊದಲೇ ಹೊಡೆತ ಇದ್ದ ಮನೆಯಲ್ಲಿ ಬಸುರಿನಲ್ಲೂ ಅದು ಮುಂದುವರಿಯುವ ಸಾಧ್ಯತೆ ಜಾಸ್ತಿ. ಚಿಕ್ಕ ವಯಸ್ಸಿನ ಜೋಡಿಗಳಲ್ಲಿ ದುಡ್ಡಿನ ತಾಪತ್ರಯ, ಕುಡಿತ, ಅನುಮಾನ, ಅಮ್ಮನಿಗೆ ಅಪ್ಪ ಹೊಡೆಯುವುದನ್ನು ನೋಡುತ್ತಲೇ ಬೆಳೆದದ್ದು, ಎಲ್ಲ ಸೇರಿಕೊಳ್ಳುತ್ತವೆ. ಬೈಗುಳ, ತಳ್ಳಾಟ ಇಬ್ಬರ ಕಡೆಯಿಂದಲೂ ಇರಬಹುದು, ಆದರೆ ಗಾಯ, ಹೆದರಿಕೆ ಹೆಂಗಸಿಗೇ ಹೆಚ್ಚು, ಹೊಟ್ಟೆಗೆ ಪೆಟ್ಟು ಬಿದ್ದರೆ ರಕ್ತಸ್ರಾವವಾಗಬಹುದು, ದಿನ ತುಂಬುವ ಮೊದಲೇ ಹೆರಿಗೆಯೂ ಆಗಬಹುದು. ಮಗು ಹುಟ್ಟಿದರೆ ಇದರಲ್ಲಿ ಯಾವುದು ಸರಿಹೋಗುತ್ತದೆ, ನೀವೇ ಹೇಳಿ. ಖರ್ಚಂತೂ ಜಾಸ್ತಿಯಾಗುತ್ತದೆ, ಅಲ್ವಾ?

ಚೆಕಪ್‌ಗೆ ತಾಯಿ ಕಾರ್ಡ್ ಹಿಡಿದು ಕೂತಾಗ ಆಶಾ ಅಕ್ಕನಿಗೋ ನರ್ಸಿಗೋ ಒಂದು ಮಾತು ಹೇಳಬಹುದು. ಇಲ್ಲವೇ 181 ಸಹಾಯವಾಣಿಗೆ ಫೋನ್ ಮಾಡಬಹುದು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಗಂಡನ ಮನೆಯಲ್ಲೇ ಇರುವ ಹಕ್ಕೂ ಇದೆ, ಹೊಟ್ಟೆಯಲ್ಲಿ ಮಗು ಇರಲಿ ಬಿಡಲಿ.